ಡೆಂಗ್ಯೂ ತಡೀಬೇಕಾ, ಮೊದಲು ನೀರು ಬಿಡೋ ನೀರಗಂಟಿನ ಕೇಳಿ

ಜೂನ್ ತಿಂಗಳು ಬಂತು ಅಂದ್ರೆ ನಮ್ಮ ಬೀದಿಗೆ ಮೈಕ್ ಕಟ್ಟಿದ ಆಟೋ ಬರತ್ತೆ. ನೀರು ಶೇಖರಿಸಿ ಇಡಬೇಡಿ, ಸೊಳ್ಳೆ ಆಗತ್ತೆ, ಡೆಂಗ್ಯೂ ಬರತ್ತೆ ಅಂತ ಕೂಗ್ತಾ ಹೋಗತ್ತೆ. ಹೇಳೋದೇನೋ ಸರಿನೇ. ಆದ್ರೆ ಅದೇ ಬೀದಿಲಿ ಎಡಕ್ಕೆ ಬಲಕ್ಕೆ ಕಣ್ಣಾಡಿಸಿದ್ರೆ ಒಂದೊಂದು ಮನೆ ಮುಂದೆನೂ ನೀಲಿ ಡ್ರಮ್ಮು, ಸಿಮೆಂಟ್ ತೊಟ್ಟಿ, ಸಾಲಾಗಿ ಬಿಂದಿಗೆ, ಯಾಕಂದ್ರೆ ನಮ್ಮದು ಬಯಲುಸೀಮೆ ಊರು, ನಲ್ಲಿ ನೀರು ಬಿಡೋದೇ ಐದಾರು ದಿನಕ್ಕೊಂದ್ಸಲ, ಬೇಸಿಗೆ ಜೋರಾದ್ರೆ ಎಂಟೊಂಬತ್ತು ದಿನ ಆದ್ರೂ ಆಯ್ತು, ಬಿಟ್ಟಾಗ ರಾತ್ರಿ ಎರಡು ಗಂಟೆ ಆಗಿದ್ರೂ ಎದ್ದು ಹಿಡ್ಕೋಬೇಕು, ಹಿಡಿದಿದ್ದು ಮುಂದಿನ ಸರದಿವರೆಗೂ ಬರಬೇಕು. ಇಂಥ ಮನೆ ಬಾಗಿಲಲ್ಲಿ ನಿಂತು ನೀರು ಇಟ್ಕೋಬೇಡಿ ಅಂದ್ರೆ ಆ ಮನೆ ಹೆಂಗಸು ಏನು ಮಾಡಬೇಕು?

ಈ ಪ್ರಶ್ನೆ ನನಗೆ ಹುಟ್ಟಿದ್ದು ಪುಸ್ತಕ ಓದಿ ಅಲ್ಲ. ಎರಡು ವರ್ಷದ ಹಿಂದೆ ನನ್ನ ಮಗಳಿಗೆ ಡೆಂಗ್ಯೂ ಆಯ್ತು, ಐದು ದಿನ ಆಸ್ಪತ್ರೆ, ಅವಳು ವಾಪಸ್ ಬಂದ ಮಾರನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದ್ರು, ಒಂದು ಸಣ್ಣ ಟಾರ್ಚ್ ಹಿಡ್ಕೊಂಡು ನಮ್ಮ ಬಚ್ಚಲುಮನೆ ಹಿಂದಿನ ಡ್ರಮ್ಮಿಗೆ ಬೆಳಕು ಬಿಟ್ರು. ಮೇಲೆ ತಲೆಕೆಳಗಾಗಿ ನೇತಾಡ್ತಿದ್ದ ಕೂದಲೆಳೆಯಂಥ ಸೊಳ್ಳೆ ಹುಳಗಳು ಬೆಳಕು ಬಿದ್ದ ಕೂಡ್ಲೆ ಕೊಂಕ್ತಾ ಕೆಳಗೆ ಇಳಿದ್ವು. ನಾನು ದಿನಾ ಅದೇ ಡ್ರಮ್ಮಿಂದ ಮಗ್ಗಲ್ಲಿ ನೀರು ತೆಗೀತಿದ್ದೆ, ಒಂದು ದಿನನೂ ಕಂಡಿರಲಿಲ್ಲ. ಅದಾದ್ಮೇಲೆ ಈ ವಿಷಯ ಸಿಕ್ಕಷ್ಟು ಓದಿದೀನಿ, ಕೇಳಿದೀನಿ, ಬೀದಿಲಿ ಒಂದಷ್ಟು ಜನ ಸೇರಿ ಮಾಡಿಯೂ ನೋಡಿದೀವಿ.

ಮೊದಲು ಸೊಳ್ಳೆ ಯಾವುದು ಅಂತ ಗೊತ್ತಾಗಬೇಕು. ರಾತ್ರಿ ಕಿವಿ ಹತ್ರ ಗುಂಯ್ ಅನ್ನೋ ಚರಂಡಿ ಸೊಳ್ಳೆ ಬೇರೆ. ಡೆಂಗ್ಯೂ, ಚಿಕೂನ್‌ಗುನ್ಯಾ, ಝೀಕಾ ಮೂರನ್ನೂ ಹರಡೋದು ಈಡಿಸ್ ಇಜಿಪ್ಟಿ ಅನ್ನೋ ಕಪ್ಪು ಮೈಗೆ ಬಿಳಿ ಪಟ್ಟೆ ಇರೋ ಸೊಳ್ಳೆ. ಇದು ಹಗಲು ಕಚ್ಚತ್ತೆ, ಅದರಲ್ಲೂ ಬೆಳಗ್ಗೆ ಸೂರ್ಯ ಹುಟ್ಟಿದ ಮೇಲೆ ಒಂದೆರಡು ಗಂಟೆ, ಸಂಜೆ ಮುಳುಗೋಕೆ ಮುಂಚೆ ಒಂದೆರಡು ಗಂಟೆ. ಕೊಚ್ಚೆ ನೀರು ಇದಕ್ಕೆ ಅಷ್ಟಾಗಿ ಬೇಡ, ಮನುಷ್ಯ ತನಗೆ ಅಂತ ಹಿಡಿದಿಟ್ಟ ತಿಳಿ ನೀರೇ ಬೇಕು. ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರ್ ದಾಟಿ ಹೋಗಲ್ಲ. ಅಂದ್ರೆ ನಿಮ್ಮ ಮಗುನ ಕಚ್ಚಿದ ಸೊಳ್ಳೆ ನಿಮ್ಮ ಮನೆಲೋ ಪಕ್ಕದ ಮನೆಲೋ ಹಿಂದಿನ ಬೀದಿಲೋ ಹುಟ್ಟಿದ್ದು. ಇದಕ್ಕೇ ಈ ಕಾಯಿಲೆ ತಡಿಯೋದು ಒಬ್ಬರ ಮನೆ ಕೆಲಸ ಆಗಿ ಉಳಿಯಲ್ಲ, ಬೀದಿ ಕೆಲಸ ಆಗತ್ತೆ. ನಮ್ಮನೆ ಎಷ್ಟೇ ಚೊಕ್ಕಟ ಇದ್ರೂ ಕಾಂಪೌಂಡ್ ಆಚೆ ಒಂದು ಟೈರ್ ಬಿದ್ದಿದ್ರೆ ಸಾಕು.

ಈಗ ಲೆಕ್ಕ ನೋಡಿ. ಮೊಟ್ಟೆ ಒಡೆದು ಹುಳ ಆಗಿ ಕೋಶ ಆಗಿ ರೆಕ್ಕೆ ಬಂದು ಹಾರೋಕೆ ನಮ್ಮ ಸೆಕೆಲಿ ಏಳರಿಂದ ಹತ್ತು ದಿನ ಬೇಕು. ನಮ್ಮ ನಲ್ಲಿ ನೀರಿನ ಸರದಿ ಐದರಿಂದ ಒಂಬತ್ತು ದಿನ. ಎರಡೂ ಹೆಚ್ಚುಕಮ್ಮಿ ಒಂದಕ್ಕೊಂದು ಹೊಂದ್ಕೊಳ್ಳತ್ತೆ. ನೀರು ದಿನಾ ಬರೋ ಊರಲ್ಲಿ ಯಾರೂ ಡ್ರಮ್ಮಲ್ಲಿ ವಾರಗಟ್ಲೆ ನೀರು ಇಡಲ್ಲ, ಸೊಳ್ಳೆಗೆ ಏಳು ದಿನ ಸಿಗಲ್ಲ. ನಮ್ಮ ಊರಲ್ಲಿ ಸಿಗತ್ತೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯ ಇದೆ, ಇದನ್ನ ಆಟೋದಲ್ಲಿ ಕೂಗಿ ಹೇಳಿದ್ದು ನಾನಂತೂ ಕೇಳಿಲ್ಲ. ಈ ಸೊಳ್ಳೆ ಮೊಟ್ಟೆನ ನೀರಿನ ಮೇಲೆ ಇಡಲ್ಲ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಪಾತ್ರೆಯ ಒದ್ದೆ ಗೋಡೆಗೆ ಅಂಟಿಸತ್ತೆ, ಕಪ್ಪು ಮಸಿ ಚುಕ್ಕಿ ಥರ, ಕಣ್ಣಿಗೆ ಕಾಣೋದೇ ಕಷ್ಟ. ನೀರು ಕಮ್ಮಿ ಆದ್ರೂ, ಡ್ರಮ್ ಪೂರ್ತಿ ಒಣಗಿದ್ರೂ ಆ ಮೊಟ್ಟೆ ತಿಂಗಳುಗಟ್ಲೆ ಜೀವ ಹಿಡ್ಕೊಂಡು ಇರತ್ತೆ. ಮುಂದಿನ ಸರದಿ ನೀರು ಬಂದು ಡ್ರಮ್ ತುಂಬಿ ಮಟ್ಟ ಮೇಲೇರಿ ಮೊಟ್ಟೆಗೆ ತಾಕಿದ ಕೂಡ್ಲೆ ಒಡೆಯತ್ತೆ. ಹಾಗಾಗಿ ಹಳೇ ನೀರು ಚೆಲ್ಲಿ ಹೊಸ ನೀರು ತುಂಬಿದೆ, ನಮ್ಮನೇಲಿ ಸೊಳ್ಳೆ ಆಗಲ್ಲ ಅಂತ ನೆಮ್ಮದಿಯಾಗಿ ಇರೋಹಾಗಿಲ್ಲ. ಚೆಲ್ಲೋದು ಅರ್ಧ ಕೆಲಸ, ಒಳಗೋಡೆನ ತೆಂಗಿನ ನಾರಲ್ಲೋ ಒರಟು ಬ್ರಷ್ಷಲ್ಲೋ ಗಸಗಸ ಉಜ್ಜಿ ತೊಳೆಯೋದು ಉಳಿದರ್ಧ, ಆ ತೊಳೆದ ನೀರನ್ನ ಚರಂಡಿಗೆ ಬಿಡದೆ ಒಣ ಮಣ್ಣಿಗೆ ಚೆಲ್ಲಬೇಕು. ನಮ್ಮಜ್ಜಿ ವಾರಕ್ಕೊಮ್ಮೆ ಹಂಡೆ, ಗುಡಾಣ, ಹರವಿ ಎಲ್ಲಾ ಬೋರಲು ಹಾಕಿ ಹುಣಸೆಹಣ್ಣು ಹಾಕಿ ಉಜ್ಜಿ ಬಿಸಿಲಿಗೆ ಒಣಗಿಸ್ತಿದ್ದಳು. ತಾಮ್ರ ಹಿತ್ತಾಳೆ ಹೊಳೀಬೇಕು ಅಂತ ಮಾಡ್ತಿದ್ದಿದ್ದು ಅದು, ಪ್ಲಾಸ್ಟಿಕ್ ಡ್ರಮ್ ಬಂದ ಮೇಲೆ ಹೊಳೆಸೋ ಕೆಲಸ ಹೋಯ್ತು, ಅದರ ಜೊತೆ ಉಜ್ಜೋದೂ ಹೋಯ್ತು.

ನಮ್ಮ ರಾಜ್ಯಕ್ಕೆ ಇದು ಹೊಸ ಪಾಠ ಅಲ್ಲ. 2005ರ ಕೊನೆಯಿಂದ 2006ರ ಪೂರ್ತಿ ಚಿಕೂನ್‌ಗುನ್ಯಾ ಬಂದಿದ್ದು ನೆನಪಿದೆಯಾ? ದೇಶದಲ್ಲಿ 2006ರಲ್ಲಿ ಸುಮಾರು 13.9 ಲಕ್ಷ ಶಂಕಿತ ಕೇಸು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಏಳೂವರೆ ಲಕ್ಷದಷ್ಟು, ಕರ್ನಾಟಕ ಒಂದರಲ್ಲೇ. ಮೊದಮೊದಲು ಹೊಡೆತ ಬಿದ್ದಿದ್ದು ಕಲಬುರಗಿ, ಬೀದರ್, ರಾಯಚೂರು, ಬಳ್ಳಾರಿ, ಚಿತ್ರದುರ್ಗ, ತುಮಕೂರು ಕಡೆ. ಈ ಹೆಸರುಗಳನ್ನ ಒಂದ್ಸಲ ಓದಿ ನೋಡಿ, ಹೆಚ್ಚು ಕಮ್ಮಿ ಎಲ್ಲಾ ಮಳೆ ಕಮ್ಮಿ ಇರೋ, ಕೊಡ ಹಿಡ್ಕೊಂಡು ಕಾಯೋ ಜಿಲ್ಲೆಗಳು. ಊರಿಗೆ ಊರೇ ಹಾಸಿಗೆ ಹಿಡಿದಿತ್ತು, ಕೀಲುಗಳು ಬಿಗಿದು ಜನ ಗೋಡೆ ಹಿಡ್ಕೊಂಡು ನಡೀತಿದ್ರು, ಕೂಲಿಗೆ ಹೋಗೋರಿಗೆ ತಿಂಗಳುಗಟ್ಲೆ ಕೂಲಿ ಇಲ್ಲ. ಮಳೆ ಜಾಸ್ತಿ ಬಿದ್ರೆ ಸೊಳ್ಳೆ ಜಾಸ್ತಿ ಅಂತ ನಾವು ಸುಮ್ನೆ ಹೇಳ್ಬಿಡ್ತೀವಿ, ಆದ್ರೆ ಬರಗಾಲದ ಸೀಮೆಲಿ ಸೊಳ್ಳೆ ಬೆಳೆಯೋದು ನಾವು ಹಿಡಿದಿಟ್ಟ ನೀರಲ್ಲಿ.

2024 ಇನ್ನೊಂದು ಉದಾಹರಣೆ. ಆ ಮಾರ್ಚಲ್ಲಿ ಬೆಂಗಳೂರಲ್ಲಿ ನೀರಿಗೆ ಹಾಹಾಕಾರ, ಸುಮಾರು 13,900 ಸರ್ಕಾರಿ ಕೊಳವೆಬಾವಿಲಿ 6,900 ಬತ್ತಿಹೋಗಿವೆ ಅಂತ ಸರ್ಕಾರವೇ ಹೇಳಿತ್ತು, ಟ್ಯಾಂಕರ್ ನೀರಿಗೆ ಕ್ಯೂ ನಿಂತ ಜನ ಸಿಕ್ಕ ಸಿಕ್ಕ ಡಬ್ಬ ಡ್ರಮ್ಮಲ್ಲೆಲ್ಲಾ ತುಂಬಿಸಿಟ್ರು. ಮೇ ತಿಂಗಳಲ್ಲಿ ಮಳೆ ಬಂತು. ಜೂನ್ ಜುಲೈ ಅಷ್ಟೊತ್ತಿಗೆ ಡೆಂಗ್ಯೂ ಏರ್ತು, ರಾಜ್ಯದಲ್ಲಿ ಆ ವರ್ಷದ ಕೇಸು 25,000 ದಾಟ್ತು, ಅದರಲ್ಲಿ ದೊಡ್ಡ ಪಾಲು ಬೆಂಗಳೂರಿಂದೇ. ನೀರಿನ ಬರಕ್ಕೂ ಜ್ವರಕ್ಕೂ ಮಧ್ಯೆ ಸಂಬಂಧ ಇದೆ ಅನ್ನೋದು ನನ್ನ ಅನಿಸಿಕೆ, ಇದೊಂದೇ ಕಾರಣ ಅಂತ ಹೇಳ್ತಿಲ್ಲ, ಸೆಕೆ, ಬಿಟ್ಟು ಬಿಟ್ಟು ಬರೋ ಮಳೆ, ಆ ವರ್ಷ ಓಡಾಡ್ತಿದ್ದ ವೈರಸ್ಸಿನ ತಳಿ ಎಲ್ಲಾ ಸೇರಿರತ್ತೆ. ಡೆಂಗ್ಯೂ ವೈರಸ್ಸಲ್ಲಿ ನಾಲ್ಕು ಬಗೆ, ಒಂದು ಬಂದು ಹೋದ್ರೆ ಆ ಬಗೆಗೆ ಮಾತ್ರ ರಕ್ಷಣೆ, ಎರಡನೇ ಸಲ ಬೇರೆ ಬಗೆ ಬಂದ್ರೆ ಅಪಾಯ ಜಾಸ್ತಿ. ಹಾಗಾಗಿ ನನಗೆ ಒಂದ್ಸಲ ಆಗೋಗಿದೆ ಇನ್ನೇನು ಭಯ ಇಲ್ಲ ಅನ್ನೋರು ದಯವಿಟ್ಟು ಎಚ್ಚರ.

ಆಗ ಸರ್ಕಾರ ಮಾಡಿದ್ದರಲ್ಲಿ ನನಗೆ ತುಂಬ ಹಿಡಿಸಿದ್ದು ಡೆಂಗ್ಯೂ ಪತ್ತೆ ಮಾಡೋ ಎರಡು ರಕ್ತ ಪರೀಕ್ಷೆ ದರಕ್ಕೆ ಮಿತಿ ಹಾಕಿದ್ದು, ಎನ್‌ಎಸ್1ಗೆ 300, ಐಜಿಎಂಗೆ 300 ರೂಪಾಯಿ ಅಂತ. ಸೆಪ್ಟೆಂಬರಲ್ಲಿ ಡೆಂಗ್ಯೂನ ಸಾಂಕ್ರಾಮಿಕ ಅಂತ ಘೋಷಿಸಿ ದಂಡ ತಂದ್ರು: ಸೊಳ್ಳೆ ಬೆಳೆಯೋಕೆ ಬಿಟ್ಟ ಮನೆಗೆ ನಗರದಲ್ಲಿ 400, ಹಳ್ಳಿಲಿ 200, ಅಂಗಡಿ ಆಫೀಸಿಗೆ 1,000 ಮತ್ತು 500, ಕಟ್ಟಡ ಕಟ್ಟೋ ಜಾಗಕ್ಕೆ 2,000 ಮತ್ತು 1,000. ಕಟ್ಟಡದವರಿಗೆ ದಂಡ ಹಾಕೋದು ನ್ಯಾಯ ಅಂತಲೇ ನನ್ನ ಅಭಿಪ್ರಾಯ, ಸಿಮೆಂಟ್ ಗಟ್ಟಿಯಾಗಲಿ ಅಂತ ಕ್ಯೂರಿಂಗಿಗೆ ನಿಲ್ಲಿಸಿದ ನೀರು, ಲಿಫ್ಟ್ ಗುಂಡಿ, ತೆರೆದ ಸಂಪು, ಒಂದೊಂದು ಸೈಟೂ ಒಂದು ಕಾರ್ಖಾನೆ ಇದ್ದಂಗೆ, ಅಲ್ಲಿ ಶೆಡ್ಡಲ್ಲಿ ಮಲಗೋ ಕಲಬುರಗಿ ರಾಯಚೂರಿನ ಕೂಲಿಯವರ ಮಕ್ಕಳಿಗೇ ಮೊದಲು ಕಚ್ಚೋದು. 2,000 ರೂಪಾಯಿ ಅಷ್ಟು ದೊಡ್ಡ ಬಿಲ್ಡರಿಗೆ ಏನೂ ಅಲ್ಲ, ಇನ್ನೂ ಜಾಸ್ತಿ ಇರಬೇಕಿತ್ತು. ಆದ್ರೆ ವಾರಕ್ಕೊಮ್ಮೆ ನೀರು ಬಿಡೋ ಊರಲ್ಲಿ ಡ್ರಮ್ ಇಟ್ಕೊಂಡ ಮನೆಗೆ ದಂಡ ಹಾಕಬೇಕಾದ್ರೆ ಆ ಡ್ರಮ್ ಯಾಕೆ ಅಲ್ಲಿದೆ ಅಂತಲೂ ಕೇಳಬೇಕು. ದಂಡಕ್ಕೆ ಹೆಸರಾದ ಸಿಂಗಾಪುರದಲ್ಲೂ, ಮನೆ ಮನೆ ತಪಾಸಣೆ ಅಷ್ಟು ಕಟ್ಟುನಿಟ್ಟಾಗಿದ್ರೂ, 2020ರಲ್ಲಿ 35,000 ದಾಟಿ ಕೇಸು ಬಂದ್ವು.

ಫಾಗಿಂಗ್ ಬಗ್ಗೆ ಒಂದು ಮಾತು, ಯಾಕಂದ್ರೆ ನಮ್ಮ ವಾರ್ಡಲ್ಲಿ ಜ್ವರ ಬಂತು ಅಂದ ಕೂಡ್ಲೆ ಜನ ಕೇಳೋದು ಅದನ್ನೇ, ಕಾರ್ಪೊರೇಟರ್ ಕೊಡ್ಸೋದೂ ಅದನ್ನೇ. ಹೊಗೆ ಹಾಯ್ದಾಗ ಹಾರ್ತಿರೋ ಸೊಳ್ಳೆ ಸಾಯತ್ತೆ ಅಷ್ಟೆ. ಈಡಿಸ್ ಇರೋದು ಮನೆ ಒಳಗೆ, ಮಂಚದ ಕೆಳಗೆ, ಬೀರು ಹಿಂದೆ, ನೇತಾಕಿದ ಬಟ್ಟೆ ಮಡಿಕೇಲಿ. ಹೊಗೆ ಗಾಡಿ ಬಂತು ಅಂದ್ರೆ ನಾವು ಕಿಟಕಿ ಬಾಗಿಲು ಹಾಕ್ಕೊಳ್ತೀವಿ, ಅದು ಒಳಗೆ ಸುರಕ್ಷಿತವಾಗಿರತ್ತೆ. ಡ್ರಮ್ಮಲ್ಲಿರೋ ಹುಳಕ್ಕೆ, ಗೋಡೆಗೆ ಅಂಟಿದ ಮೊಟ್ಟೆಗೆ ಏನೂ ಆಗಲ್ಲ, ನಾಳೆನೋ ನಾಡಿದ್ದೋ ಹೊಸ ಸೊಳ್ಳೆ ಹಾರತ್ತೆ. ಕೇಸು ಬಂದ ಮನೆ ಸುತ್ತ ಮುತ್ತ ಒಳಗೂ ಹೊಡೆದ್ರೆ ಸ್ವಲ್ಪ ಉಪಯೋಗ ಇದೆ, ಮೇನ್ ರೋಡಲ್ಲಿ ಗಾಡಿ ಓಡಿಸಿದ್ರೆ ಡೀಸೆಲ್ ಖರ್ಚು.

ಮತ್ತೆ ಏನು ಮಾಡೋದು ಅಂದ್ರೆ, ಊರು ಊರಿಗೆ ಉತ್ತರ ಬೇರೆ. ಕರಾವಳಿ ಮಲೆನಾಡಲ್ಲಿ ಡ್ರಮ್ಮಿಗಿಂತ ತೋಟ ಮುಖ್ಯ, ಬಿದ್ದ ಅಡಿಕೆ ಹಾಳೆ ದೋಣಿ ಥರ ನೀರು ಹಿಡಿಯತ್ತೆ, ರಬ್ಬರ್ ಹಾಲು ಕಟ್ಟೋ ಚಿಪ್ಪು ಮಳೆಗಾಲದಲ್ಲಿ ಟ್ಯಾಪಿಂಗ್ ನಿಲ್ಲಿಸಿದ ಮೇಲೂ ಮರದಲ್ಲೇ ಇರತ್ತೆ, ತೆಂಗಿನ ಚಿಪ್ಪು, ಇಲಿ ತಿಂದ ಕೊಕ್ಕೋ ಕಾಯಿ, ಇವೆಲ್ಲದರಲ್ಲೂ ಈಡಿಸ್ ಇಜಿಪ್ಟಿಯ ದಾಯಾದಿ, ಡೆಂಗ್ಯೂನೇ ಹರಡೋ ಆಲ್ಬೋಪಿಕ್ಟಸ್ ಅನ್ನೋ ಹುಲಿಸೊಳ್ಳೆ ಹುಟ್ಟತ್ತೆ. ಅಲ್ಲಿ ಹಾಳೆ ಆರಿಸೋದು, ಚಿಪ್ಪು ಬೋರಲು ಹಾಕೋದೇ ಡೆಂಗ್ಯೂ ಕಾರ್ಯಕ್ರಮ. ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಿ ಫ್ರಿಜ್ ಹಿಂದಿನ ಟ್ರೇ, ಮನಿ ಪ್ಲಾಂಟ್ ಬಾಟ್ಲಿ, ಬಾಲ್ಕನಿ ಕುಂಡದ ತಟ್ಟೆ, ಟೆರೇಸಲ್ಲಿ ಮುಚ್ಚಳ ಒಡೆದ ಸಿಂಟೆಕ್ಸು, ರಸ್ತೆ ಬದಿ ಎಳನೀರು ಬುರುಡೆ ರಾಶಿ, ಪಂಕ್ಚರ್ ಅಂಗಡಿ ಟೈರು. ನಮ್ಮಂಥ ಬಯಲುಸೀಮೆ ಊರಲ್ಲಿ ಡ್ರಮ್ಮು, ತೊಟ್ಟಿ, ದನದ ಕಲಗಚ್ಚಿನ ಬಾನಿ, ಹಿತ್ತಲಲ್ಲಿ ಯಾರೂ ಮುಟ್ಟದ ಒರಳುಕಲ್ಲು. (ಮಂಡ್ಯ, ಕೋಲಾರ, ಬಳ್ಳಾರಿ ಕಡೆ ಬರೋ ಮಿದುಳು ಜ್ವರದ ಸೊಳ್ಳೆ ಬೇರೆ, ಅದು ಭತ್ತದ ಗದ್ದೆಲಿ ಹುಟ್ಟೋದು, ಅದಕ್ಕೆ ಮಕ್ಕಳಿಗೆ ಲಸಿಕೆ ಇದೆ, ಹಾಕಿಸಿ.) ರಾಜ್ಯಕ್ಕೆಲ್ಲಾ ಒಂದೇ ಪೋಸ್ಟರ್ ಪ್ರಿಂಟ್ ಹಾಕ್ಸಿದ್ರೆ ಯಾರ ಮನೆಗೂ ಅದು ಸರಿಯಾಗಿ ತಾಕಲ್ಲ.

ನೀರು ಇಟ್ಕೊಳ್ಳಲೇಬೇಕು ಅನ್ನೋ ಮನೆಗೆ ಮೂರು ದಾರಿ. ಮೊದಲನೇದು ಮುಚ್ಚೋದು. ಡ್ರಮ್ಮಿನ ತಗಡು ಮುಚ್ಚಳ ಬಗ್ಗಿ ಸಂದಿ ಬಿಟ್ಟಿದ್ರೆ ಸೊಳ್ಳೆಗೆ ಅಷ್ಟೇ ಸಾಕು, ಹಳೇ ಕಾಟನ್ ಸೀರೆ ಎರಡು ಮಡಿಕೆ ಮಾಡಿ ಸೈಕಲ್ ಟ್ಯೂಬಿನ ಪಟ್ಟಿಲಿ ಬಿಗಿಯಾಗಿ ಕಟ್ಟಿದ್ರೆ ಯಾವ ಮುಚ್ಚಳಕ್ಕಿಂತಲೂ ಒಳ್ಳೇದು, ನೀರನ್ನೂ ಬಟ್ಟೆ ಮೇಲಿಂದಲೇ ಸುರೀಬಹುದು. ಎರಡನೇದು ಉಜ್ಜೋದು, ಅದನ್ನ ಹೇಳಿದೆ. ಮೂರನೇದು ತೊಟ್ಟಿ ಖಾಲಿ ಮಾಡೋಕೇ ಆಗಲ್ಲ ಅಂದ್ರೆ ಮೀನು, ಗಪ್ಪಿ ಅಥವಾ ಗ್ಯಾಂಬೂಸಿಯಾ, ಆರೋಗ್ಯ ಇಲಾಖೆಯವರೇ ಕೊಡ್ತಾರೆ, ದಿನಕ್ಕೆ ನೂರಾರು ಹುಳ ತಿಂತವೆ. ಒಂದೇ ಮಾತು, ಗ್ಯಾಂಬೂಸಿಯಾನ ಕೆರೆಗೆ ಹಳ್ಳಕ್ಕೆ ಬಿಡಬೇಡಿ, ನಮ್ಮ ಊರಿನ ಮೀನಿನ ಮೊಟ್ಟೆ ಮರಿ ಎಲ್ಲಾ ತಿಂದು ಹಾಕತ್ತೆ. ಕುಡಿಯೋ ನೀರಿಗೆ ಟೆಮಿಫಾಸ್ ಅನ್ನೋ ಹುಳ ಸಾಯಿಸೋ ಔಷಧಿ ಹಾಕ್ತಾರಲ್ಲ, ಸರಿಯಾದ ಪ್ರಮಾಣದಲ್ಲಿ ಅದು ಸುರಕ್ಷಿತ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ, ಆದ್ರೆ ಜನಕ್ಕೆ ಆ ವಾಸನೆ ಆಗಲ್ಲ, ಆಶಾ ಆ ಕಡೆ ಹೋದ ಕೂಡ್ಲೆ ನೀರು ಚೆಲ್ತಾರೆ, ಅವರ ಮೇಲೆ ಕೋಪ ಮಾಡ್ಕೊಂಡು ಉಪಯೋಗ ಇಲ್ಲ.

ವಿಯೆಟ್ನಾಮಿನ ಕಥೆ ಓದಿದಾಗ ನನಗೆ ನಮ್ಮೂರೇ ನೆನಪಾಯ್ತು. ಅಲ್ಲೂ ಹಳ್ಳಿಲಿ ದೊಡ್ಡ ದೊಡ್ಡ ಗುಡಾಣ, ತೊಟ್ಟಿಗಳಲ್ಲಿ ಮಳೆನೀರು ಹಿಡಿದಿಡ್ತಾರೆ. ನೀರು ಇಡಬೇಡಿ ಅಂತ ಯಾರೂ ಹೇಳಲಿಲ್ಲ, ಬದಲಿಗೆ ಮೀಸೊಸೈಕ್ಲಾಪ್ಸ್ ಅನ್ನೋ, ಅಲ್ಲಿನ ಕೆರೆ ನೀರಲ್ಲೇ ಸಿಗೋ, ಎಳ್ಳಿಗಿಂತ ಚಿಕ್ಕ ಜೀವಿನ ಆ ತೊಟ್ಟಿಗಳಿಗೆ ಬಿಟ್ರು, ಅದು ಆಗ ತಾನೇ ಮೊಟ್ಟೆಯಿಂದ ಬಂದ ಹುಳನ ತಿನ್ನತ್ತೆ. ಸಣ್ಣ ಪುಟ್ಟ ಡಬ್ಬ ಚಿಪ್ಪುಗಳನ್ನ ಶಾಲೆ ಮಕ್ಕಳು, ಊರಿನ ಹೆಂಗಸರು ಸೇರಿ ಎತ್ತಿ ಹಾಕಿದ್ರು. ಕೆಲವು ಹಳ್ಳಿಗಳಲ್ಲಿ ಈಡಿಸ್ ಪೂರ್ತಿ ನಿರ್ನಾಮ ಆಯ್ತು. ಜನ ನೀರು ಇಡ್ತಾರೆ ಅನ್ನೋದನ್ನ ಒಪ್ಕೊಂಡು ಅಲ್ಲಿಂದ ಶುರು ಮಾಡಿದ್ದಕ್ಕೇ ಅದು ಗೆದ್ದಿದ್ದು ಅಂತ ನಾನು ನಂಬ್ತೀನಿ.

ಜ್ವರ ಬಂದವರ ಮನೆಲಿ ಇನ್ನೊಂದು ಕೆಲಸ ಇದೆ, ಇದನ್ನ ಡಾಕ್ಟರೂ ಎಷ್ಟೋ ಸಲ ಹೇಳಲ್ಲ. ಸೊಳ್ಳೆ ಹೆಚ್ಚಾಗಿ ಹುಟ್ಟುವಾಗಲೇ ವೈರಸ್ ಹೊತ್ಕೊಂಡು ಬರಲ್ಲ, ಜ್ವರದವರನ್ನ ಕಚ್ಚಿ ತಗೊಳ್ಳತ್ತೆ, ಎಂಟು ಹತ್ತು ದಿನ ಆದ್ಮೇಲೆ ಬೇರೆಯವರಿಗೆ ಹರಡತ್ತೆ. ಜ್ವರ ಶುರುವಾದ ಮೊದಲ ಐದು ದಿನ ರಕ್ತದಲ್ಲಿ ವೈರಸ್ ಜಾಸ್ತಿ ಇರತ್ತೆ. ಆ ಐದು ದಿನ ರೋಗಿನ ಹಗಲು ಹೊತ್ತಲ್ಲೂ ಸೊಳ್ಳೆಪರದೆ ಒಳಗೆ ಮಲಗಿಸಿದ್ರೆ ಪಕ್ಕದ ಮನೆಗೆ ಹರಡೋ ಕೊಂಡಿ ಅಲ್ಲೇ ಕಡಿಯತ್ತೆ. ಮಗಳಿಗೆ ಜ್ವರ ಬಂದಾಗ ನನಗೆ ಇದು ಗೊತ್ತಿರಲಿಲ್ಲ, ಅವಳು ಹಜಾರದಲ್ಲಿ ಬಾಗಿಲು ತೆಗೆದು ಮಲಗಿದ್ಲು, ಹದಿನೈದು ದಿನದಲ್ಲಿ ಬೀದಿಲಿ ಇನ್ನೂ ಮೂವರಿಗೆ ಬಂತು. ಅದು ಇಲ್ಲಿಂದಲೇ ಹೋಯ್ತು ಅಂತ ಹೇಳೋಕಾಗಲ್ಲ, ಆದ್ರೂ ಆ ನೋವು ನನ್ನಲ್ಲಿದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬ್ರೂಫೆನ್, ಆಸ್ಪಿರಿನ್, ಡೈಕ್ಲೋ ಇಂಜೆಕ್ಷನ್ ತಗೋಬೇಡಿ, ರಕ್ತಸ್ರಾವ ಜಾಸ್ತಿ ಆಗಬಹುದು. ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಹೆಚ್ಚು ಅಪಾಯ, ಹೊಟ್ಟೆನೋವು, ನಿಲ್ಲದ ವಾಂತಿ, ವಸಡಲ್ಲಿ ರಕ್ತ, ಮಂಪರು ಕಂಡ್ರೆ ಆಸ್ಪತ್ರೆಗೆ ಓಡಿ. ಪಪ್ಪಾಯ ಎಲೆ ರಸ, ಕಿವಿ ಹಣ್ಣಿಗೆ ದುಡ್ಡು ಸುರಿಯೋ ಬದಲು ಎಳನೀರು, ಗಂಜಿ, ಓಆರ್‌ಎಸ್ ಕುಡಿಸ್ತಾ ಇರಿ.

ಲಸಿಕೆ ಬರತ್ತಲ್ಲ ಅಂತ ಕೇಳ್ತಾರೆ. ನಮ್ಮ ದೇಶದ್ದೇ ಒಂದು ಡೋಸಿನ ಡೆಂಗಿಆಲ್ ಲಸಿಕೆಯ ಮೂರನೇ ಹಂತದ ಪ್ರಯೋಗ 2024ರ ಆಗಸ್ಟಲ್ಲಿ ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ಶುರು ಮಾಡಿದೆ, ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ. ಇಂಡೋನೇಷ್ಯಾದ ಯೋಗ್ಯಕರ್ತಾದಲ್ಲಿ ಸೊಳ್ಳೆ ಒಳಗೆ ವೈರಸ್ ಬೆಳೆಯೋಕೆ ಬಿಡದ ವೊಲ್ಬಾಕಿಯಾ ಅನ್ನೋ ಬ್ಯಾಕ್ಟೀರಿಯಾ ಇರೋ ಸೊಳ್ಳೆ ಬಿಟ್ಟು ಡೆಂಗ್ಯೂ 77 ಪರ್ಸೆಂಟ್ ಕಮ್ಮಿ ಮಾಡಿ ತೋರಿಸಿದ್ದಾರೆ, ಪುದುಚೇರಿಲಿ ನಮ್ಮ ವಿಜ್ಞಾನಿಗಳೂ ಅಂಥ ಸೊಳ್ಳೆ ತಳಿ ತಯಾರು ಮಾಡಿದ್ದಾರೆ. ಒಳ್ಳೇದೇ. ಅದು ನಮ್ಮ ಬೀದಿಗೆ ಬರೋವರೆಗೂ ಮತ್ತೆ ಈ ಡ್ರಮ್ಮೇ. ಅಷ್ಟರಲ್ಲಿ ಝೀಕಾ ಬೇರೆ ಬಾಗಿಲಲ್ಲಿದೆ, 2022ರ ಡಿಸೆಂಬರಲ್ಲಿ ರಾಯಚೂರು ಜಿಲ್ಲೆಲಿ ರಾಜ್ಯದ ಮೊದಲ ಕೇಸು, 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಲೇ ವೈರಸ್ ಸಿಕ್ತು. ಅದನ್ನ ಹರಡೋದೂ ಇದೇ ಪಟ್ಟೆ ಸೊಳ್ಳೆ.

ಮಲೇರಿಯಾ ರೋಗಾಣುನ ಸೊಳ್ಳೆ ಹೊಟ್ಟೇಲಿ 1897ರಲ್ಲಿ ಸಿಕಂದರಾಬಾದಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್ ಅದಕ್ಕೂ ಮುಂಚೆ, 1883ರಲ್ಲಿ, ಬೆಂಗಳೂರಿನ ದಂಡಿನಲ್ಲಿ (ಕಂಟೋನ್ಮೆಂಟಲ್ಲಿ) ಡಾಕ್ಟರಾಗಿದ್ದ. ಸೊಳ್ಳೆಗೆ ನೀರು ಸಿಗದ ಹಾಗೆ ಮಾಡಿದ್ರೆ ಸೊಳ್ಳೆ ಹತೋಟಿಗೆ ಬರತ್ತೆ ಅಂತ ಅವನಿಗೆ ಹೊಳೆದಿದ್ದು ಆ ಊರಲ್ಲೇ. ನೂರ ನಲವತ್ತು ವರ್ಷ ಆಯ್ತು.

ಮನೆ ಮನೆ ಸುತ್ತೋ ಕೆಲಸ ಮಾಡೋರು ನಮ್ಮ ಆಶಾ ಕಾರ್ಯಕರ್ತೆಯರು, ರಾಜ್ಯದಲ್ಲಿ ಸುಮಾರು 42,000 ಜನ. ಅವರೇ 2025ರ ಜನವರಿಲಿ ಗೌರವಧನಕ್ಕೋಸ್ಕರ ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಚಳಿಲಿ ಧರಣಿ ಕೂರಬೇಕಾಯ್ತು. ಲಾರ್ವಾ (ಸೊಳ್ಳೆ ಹುಳ) ಸಮೀಕ್ಷೆ ಅಂತ ಅವರು ಪ್ರತಿ ಮನೆ ಬರ್ಕೊಂಡು ಹೋಗ್ತಾರೆ, ನೂರು ಮನೆಗೆ ಎಷ್ಟು ಪಾತ್ರೆಲಿ ಹುಳ ಇತ್ತು ಅನ್ನೋ ಲೆಕ್ಕ ಇಲಾಖೆ ಹತ್ರ ಇರತ್ತೆ. ಆ ಲೆಕ್ಕನ ಪ್ರತಿ ತಿಂಗಳು ವಾರ್ಡ್ ಆಫೀಸ್ ಬೋರ್ಡಲ್ಲಿ ಬರೀರಿ ಅನ್ನೋದು ನನ್ನ ಒಂದು ಬೇಡಿಕೆ, ಕೇಸು ಬಂದ್ಮೇಲೆ ಎಣಿಸೋದಕ್ಕಿಂತ ಹುಳ ಎಣಿಸಿದ್ರೆ ಒಂದು ತಿಂಗಳು ಮುಂಚೆನೇ ಗೊತ್ತಾಗತ್ತೆ.

ದೊಡ್ಡ ಬೇಡಿಕೆ ನೀರಿನದೇ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೇ ದಿನದ 24 ಗಂಟೆ ನೀರು ಕೊಟ್ಟು ಆಗತ್ತೆ ಅಂತ ತೋರಿಸಿದ್ರು, ಪೂರ್ತಿ ಊರಿಗೆ ಅದು ಹರಡೋಕೆ ಎಷ್ಟು ವರ್ಷ ಬೇಕಾಯ್ತು ಅಂತ ಅಲ್ಲಿನವರನ್ನೇ ಕೇಳಿ. ನಮ್ಮೂರಿಗೆ ಯಾವಾಗ ಬರತ್ತೋ ಗೊತ್ತಿಲ್ಲ.

ಅಲ್ಲಿವರೆಗೆ ನಾವು ಮಾಡ್ಕೊಂಡ ಒಂದು ಸಣ್ಣ ಏರ್ಪಾಡು ಹೇಳ್ತೀನಿ. ಮೊದಲು ಎಲ್ಲರೂ ಹೇಳೋ ಹಾಗೆ ಶುಕ್ರವಾರ ಒಣ ದಿನ, ಅಂದ್ರೆ ಇದ್ದ ನೀರೆಲ್ಲಾ ಚೆಲ್ಲಿ ಪಾತ್ರೆ ಒಣಗಿಸೋ ದಿನ, ಅಂತ ಮಾಡಿದ್ವಿ, ಮೂರು ವಾರಕ್ಕೆ ನಿಂತೋಯ್ತು. ಯಾಕಂದ್ರೆ ಗುರುವಾರ ನೀರು ಬಂದಿದ್ರೆ ಶುಕ್ರವಾರ ತುಂಬಿದ ಡ್ರಮ್ಮನ್ನ ಯಾರು ಚೆಲ್ತಾರೆ? ಆಗ ಪಕ್ಕದ ಮನೆ ಅಜ್ಜಿ ಹೇಳಿದ್ರು, ಉಜ್ಜಬೇಕಾಗಿದ್ದು ನೀರು ಬರೋ ಹಿಂದಿನ ದಿನ, ತಳದಲ್ಲಿ ಒಂದು ಬಿಂದಿಗೆ ಉಳಿದಿರತ್ತಲ್ಲ, ಅದರಲ್ಲೇ ಉಜ್ಜಿ ಗಿಡಕ್ಕೆ ಚೆಲ್ಲಿ ಅಂತ. ಆದ್ರೆ ನೀರು ಯಾವತ್ತು ಬರತ್ತೆ ಅಂತ ಗೊತ್ತಾಗಬೇಕಲ್ಲ. ಗೊತ್ತಿರೋದು ವಾಲ್ವ್ ತಿರುಗಿಸೋ ನೀರಗಂಟಿಗೆ ಒಬ್ಬನಿಗೇ. ಹೋಗಿ ಕೇಳಿದ್ವಿ, ನಮ್ಮ ಬೀದಿ ವಾಟ್ಸಾಪ್ ಗ್ರೂಪಿಗೆ ಸೇರಿಸಿದ್ವಿ. ಈಗ ಹಿಂದಿನ ಸಂಜೆನೇ ಅವನ ಮೆಸೇಜ್ ಬರತ್ತೆ, "ನಾಳೆ ಬೆಳಗ್ಗೆ 5ಕ್ಕೆ ನಿಮ್ಮ ಲೈನು". ಅರ್ಧ ಗಂಟೆಲಿ ಬೀದಿ ತುಂಬ ಡ್ರಮ್ ಬೋರಲಾಗತ್ತೆ, ತೆಂಗಿನ ನಾರಿನ ಸದ್ದು ಆ ತುದಿಯಿಂದ ಈ ತುದಿವರೆಗೆ ಕೇಳತ್ತೆ. ಮೂಲೆ ಸೈಟಿನ ಪಾಯದ ಗುಂಡಿ ಮಾತ್ರ ಹಾಗೇ ಇದೆ, ಯಜಮಾನರು ಬೇರೆ ಊರಲ್ಲಿದ್ದಾರೆ, ಸಂಬಂಧಪಟ್ಟ ಆಫೀಸಿಗೆ ಮೂರು ಅರ್ಜಿ ಕೊಟ್ಟಿದೀವಿ, ಸದ್ಯಕ್ಕೆ ಅದಕ್ಕೆ ಗಪ್ಪಿ ಮೀನು ಬಿಟ್ಟಿದೀವಿ.